ಎತ್ತಿ ಕುಡಿಯುವ ನೀರು

ನಮ್ಮ ಅತ್ತೆಯನ್ನು ಹಿಂದಿನಿಂದ ಕರೆದರೆ ಅವರು ಕುತ್ತಿಗೆ ತಿರುಗಿಸುವುದಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ಬಂಡಿ ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ಗೊತ್ತಿಲ್ಲದವರು ಇದನ್ನು ಸೊಕ್ಕು ಅಂದುಕೊಳ್ಳುತ್ತಾರೆ. ಅವರಿಗೆ ಸೊಕ್ಕು ಇಲ್ಲವೆಂದು ನಾನು ಹೇಳಲಾರೆ, ಸೊಸೆಯಾಗಿ ಬಾಳುತ್ತಿರುವವಳು ನಾನೇ. ಆದರೆ ಆ ಸೊಕ್ಕು ಇರುವುದು ಕುತ್ತಿಗೆಯಲ್ಲಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು ಸ್ವಲ್ಪ ಒಳಗೆ ನಡೆದರೆ ನಮ್ಮ ಊರು. ಮನೆಯ ಎದುರಿಗೇ ಬೋರಿಂಗು. ಅದರ ನೀರು ನೋಡಲು ತಿಳಿ, ಬಾಯಿಗೂ ರುಚಿ. ಅತ್ತೆ ಮದುವೆಯಾಗಿ ಬಂದಾಗಿನಿಂದ ಕುಡಿದದ್ದು ಅದನ್ನೇ. ಒಂದು ದಿನ ಯಾರೋ ಬಂದು ನೀರು ಪರೀಕ್ಷೆ ಮಾಡಿ, ಇದರಲ್ಲಿ ಫ್ಲೋರೈಡ್ ಹೆಚ್ಚಿದೆ, ಕುಡಿಯಬೇಡಿ ಎಂದು ಹೇಳಿ ಬೋರಿಂಗಿಗೆ ಕೆಂಪು ಬಣ್ಣ ಬಳಿದು ಹೋದರು. ಓಣಿಯವರಿಗೆ ಬಣ್ಣ ಬಹಳ ಹಿಡಿಸಿತು. ಅಷ್ಟು ಚಂದ ಕಂಡ ಮೇಲೆ ಬಿಡುವುದುಂಟೇ, ನಮ್ಮ ಅತ್ತೆ ಅಮಾವಾಸ್ಯೆಗೊಮ್ಮೆ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯತೊಡಗಿದರು. ಕುಡಿಯುವುದನ್ನು ಯಾರೂ ಬಿಡಲಿಲ್ಲ.

ಸೊಂಟ ನೋವು ಜೋರಾಗಿ, ಬೆಳಿಗ್ಗೆ ಹಾಸಿಗೆಯಿಂದ ಏಳಲು ಇಬ್ಬರು ಹಿಡಿಯಬೇಕಾದಾಗ ಅವರನ್ನು ಯಾದಗಿರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿ, “ಇಷ್ಟು ವರ್ಷದ ನೀರು ಎಲುಬಿನಾಗ ಕುಂತದ್ರಿ. ಬಿಗಿಯಾದದ್ದು ಸಡಲ ಆಗೂದಿಲ್ಲ. ಆದ್ರ ಇನ್ನ ಮುಂದ ಕೂಡೂದನ್ನ ನಿಲ್ಲಸ್ಬಹುದು. ನಿಲ್ಲಸಲಿಲ್ಲಂದ್ರ ಹಾಸಗಿ ಹಿಡೀತಾರ,” ಅಂದರು. ಕುಡಿಯುವುದಕ್ಕೂ ಅಡುಗೆಗೂ ಫಿಲ್ಟರ್ ನೀರೇ ಬಳಸಿ, ಹಾಲು ಮೊಸರು ಕೊಡಿ ಎಂದು ಹೇಳಿ ಕಳಿಸಿದರು. ಊರು ಹತ್ತಿರ ಬಂದಾಗ ಅತ್ತೆ ನನ್ನ ಕೈ ಹಿಡಿದು, “ಯವ್ವಾ, ಇನ್ನೊಬ್ರ ಕೈಲೆ ಜಳಕ ಮಾಡಿಸ್ಕೊಳ್ಳೂ ಹಂಗ ಆಗಬಾರ್ದು ನೋಡು,” ಅಂದರು. ಅಷ್ಟೇ ಅವರ ಆಸೆ.

ಮರುದಿನದಿಂದ ನಮ್ಮವರು ಬೈಕಿನ ಮೇಲೆ ಫಿಲ್ಟರ್ ನೀರಿನ ಕ್ಯಾನ್ ತರತೊಡಗಿದರು. ಬ್ಯಾಳಿಗೆ, ಚಹಾಕ್ಕೆ, ರೊಟ್ಟಿ ಹಿಟ್ಟಿನ ಎಸರಿಗೆ ನಾನು ಅದನ್ನೇ ಹಾಕಿ ಶಹಾಪುರಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಕ್ಯಾನ್ ಖಾಲಿ. ಅತ್ತೆ ಚೆನ್ನಾಗಿ ನೀರು ಕುಡಿಯುತ್ತಿದ್ದಾರೆಂದು ನಾನು ಖುಷಿಪಟ್ಟೆ. ಆದರೆ ತಿಂಗಳುಗಳು ಕಳೆದರೂ ನೋವು ಇದ್ದಲ್ಲೇ ಇತ್ತು.

ಒಂದು ರಜೆಯ ದಿನ ಗುಟ್ಟು ಗೊತ್ತಾಯಿತು. ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿದರು. ಬಂದವರಿಗೆಲ್ಲ ಅತ್ತೆ ತಾಮ್ರದ ತಂಬಿಗೆಯಲ್ಲಿ ಫಿಲ್ಟರ್ ನೀರು ಕೊಟ್ಟರು. ಆ ಹೆಂಗಸರು ತಂಬಿಗೆಯನ್ನು ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಚಾಚಿ, ಮೇಲಿಂದ ಗಟಗಟ ಸುರಿದುಕೊಂಡು, “ಭಾಳ ಚಲೋ ಅದ ನೀರು,” ಎಂದು ಬಾಯಿ ಒರೆಸಿಕೊಂಡರು. ಎಲ್ಲರೂ ಹೋದ ಮೇಲೆ ಅತ್ತೆ ಒಳಗೆ ಬಂದು, ಮೂಲೆಯಲ್ಲಿದ್ದ ಬೋರಿಂಗಿನ ನೀರಿನ ಕೊಡದಲ್ಲಿ ಗಿಲಾಸು ಅದ್ದಿ ಕುಡಿದರು.

ನನ್ನ ಪಿತ್ತ ನೆತ್ತಿಗೇರಿತು. “ಏನ್ ಮಾಡಾಕತ್ತೀರಿ ಅತ್ತಿ? ಊರಿಗೆಲ್ಲಾ ಔಷಧ ಹಂಚಿ ನೀವು ಬ್ಯಾನಿ ಕುಡೀಲಿಕತ್ತೀರಲ್ಲ!”

“ಅದು ಮಂದಿಗಿ ಕೊಡೂ ನೀರವ್ವ. ನನಗ ಎತ್ತಿ ಕುಡಿಯಾಕ ಬರೂದಿಲ್ಲ. ಕುತ್ತಿಗಿ ಹಿಂದಕ್ಕ ಬಾಗೂದಿಲ್ಲ. ಕಚ್ಚಿ ಕುಡಿದ್ರ ತಂಬಗಿ ಎಂಜಲಾಗ್ತದ. ಆಮ್ಯಾಲ ಬಂದವರಿಗೆ ಹ್ಯಾಂಗ ಕೊಡ್ಲಿ?”

“ನಿಮಗ ಬ್ಯಾರೆ ಗಿಲಾಸಿನಾಗ ಹಾಕಿ ಇಡ್ತೀನಿ.”

“ನನಗೊಬ್ಬಾಕಿಗೆ ಬ್ಯಾರೆ ನೀರು, ಬ್ಯಾರೆ ಗಿಲಾಸಾ? ನಾ ಏನ್ ಅಂಟುಬ್ಯಾನಿಯಾಕೇನು? ಮಂದಿ ಏನಂತಾರ?”

ನಾನು ಕೂಗಾಡಿದೆ, ಅತ್ತೆ ಅತ್ತರು, ನಾನೂ ಅತ್ತೆ. ನಮ್ಮ ಮನೆಯ ಜಗಳ ಎದುರು ಮನೆಗೆ ಕೇಳಿಸಲು ಬಾಗಿಲು ತೆರೆದಿರಬೇಕೆಂದೇನಿಲ್ಲ.

ಎದುರು ಮನೆಯಲ್ಲಿರುವುದು ಅತ್ತೆಗಿಂತ ದೊಡ್ಡ ವಯಸ್ಸಿನ ಒಬ್ಬ ಹೆಂಗಸು. ಅತ್ತೆಗೆ ಅಕ್ಕ, ನನಗೆ ದೊಡ್ಡವ್ವ. ರಕ್ತಸಂಬಂಧವೇನಿಲ್ಲ, ಓಣಿಯ ಸಂಬಂಧ. ಮರುದಿನವೂ ನನಗೆ ರಜೆಯಿತ್ತು. ಮಧ್ಯಾಹ್ನ ದೊಡ್ಡವ್ವ ಎಲ್ಲರಿಗಿಂತ ಮೊದಲು ಬಂದು ಕಟ್ಟೆಯ ಮೇಲೆ ಕೂತು, ಉಳಿದವರೆಲ್ಲ ಬರುವವರೆಗೆ ಕಾದು, ಆಮೇಲೆ ನೀರು ಕೇಳಿದರು. ಅತ್ತೆ ತಂಬಿಗೆ ಕೊಟ್ಟರು. ದೊಡ್ಡವ್ವ ಅದನ್ನು ಎತ್ತಲಿಲ್ಲ. ಅಂಚಿಗೆ ಬಾಯಿ ಹಚ್ಚಿ, ಚಹಾ ಕುಡಿದ ಹಾಗೆ ಸೊರ್ರನೆ ಹೀರಿದರು. ಕಟ್ಟೆಯ ಮೇಲಿದ್ದವರೆಲ್ಲ ಅವರತ್ತ ತಿರುಗಿದರು.

“ಏನ್ ನೋಡ್ತೀರಿ? ನನ್ನ ಕುತ್ತಿಗೀನೂ ಹಿಡಕೊಂಡದ. ಎತ್ತಿ ಕುಡಿದ್ರ ಎಲ್ಲಾ ಕುಪ್ಪಸದಾಗ ಹೋಗ್ತದ,” ಎಂದು ಗದರಿ, ತಂಬಿಗೆಯ ಅಂಚನ್ನು ಸೆರಗಿನಿಂದ ಒರೆಸಿ ಅತ್ತೆಯ ಮುಂದೆ ಚಾಚಿದರು. “ಹಿಡಿ ತಂಗಿ. ನಿಂದೂ ನಂದೂ ಒಂದೇ ತಂಬಗಿ.”

ಅತ್ತೆ ತಂಬಿಗೆಯನ್ನು ಹಿಡಿದುಕೊಂಡು ಅಂಚಿನ ಮೇಲೆ ಬೆರಳಾಡಿಸಿದರು. ನಾನು ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದೆ. ಆಮೇಲೆ ಬಾಯಿ ಹಚ್ಚಿದರು. ಒಮ್ಮೆ ಹಚ್ಚಿದ ಮೇಲೆ ತಳ ಕಾಣುವವರೆಗೆ ಬಿಡಲಿಲ್ಲ.

ಅಂದಿನಿಂದ ಅದೇ ನಡೆದು ಬಂದಿದೆ. ಎಂಜಲಿಗೆ ಮುಖ ಸಿಂಡರಿಸಿದವರು ತಮ್ಮ ತಮ್ಮ ತಂಬಿಗೆ ಹಿಡಿದುಕೊಂಡೇ ಬರುತ್ತಾರೆ. ಹರಟೆ ಬಿಡಲು ಮಾತ್ರ ಯಾರೂ ತಯಾರಿಲ್ಲ. ಬೋರಿಂಗಿನ ನೀರು ಈಗ ಬಟ್ಟೆಗೆ, ಪಾತ್ರೆಗೆ. ಅತ್ತೆಯ ಕುತ್ತಿಗೆ ಹಾಗೇ ಇದೆ, ಡಾಕ್ಟರು ಹೇಳಿದಂತೆಯೇ. ಆದರೆ ಬೆಳಗಿನ ನೋವು ತಗ್ಗಿದೆ. ಗೋಡೆ ಹಿಡಿದು ತಾವೇ ಏಳುತ್ತಾರೆ. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು, ಬಾಗಿಲು ಹಾಕಿಕೊಂಡು ತಾವೇ ಜಳಕ ಮಾಡುತ್ತಾರೆ. ಒಳಗಿಂದ ನೀರು ಸುರಿದುಕೊಳ್ಳುವ ಸದ್ದು ಕೇಳಿದಾಗೆಲ್ಲ ನನಗೆ ದೊಡ್ಡವ್ವ ನೆನಪಾಗುತ್ತಾರೆ.

ಈ ಸಲದ ತೊಗರಿ ರಾಶಿಗೆ ಎರಡು ದಿನ ರಜೆ ಹಾಕಿ, ನಾನು ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋಗಿದ್ದೆ. ಬೇವಿನ ಗಿಡದ ಕೆಳಗೆ ದೊಡ್ಡವ್ವ ನನಗೆ ಬೆನ್ನು ಹಾಕಿ ನಿಂತಿದ್ದರು. ಯಾರೋ ನೀರಿನ ತಂಬಿಗೆ ಕೊಟ್ಟರು. ದೊಡ್ಡವ್ವ ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಕೈಯನ್ನು ಮೇಲೆತ್ತಿ, ಸಣ್ಣ ಧಾರೆಯಾಗಿ ಗಂಟಲಿಗೆ ಬಿಟ್ಟುಕೊಂಡರು. ಒಂದು ಹನಿಯೂ ಕುಪ್ಪಸಕ್ಕೆ ಬೀಳಲಿಲ್ಲ. ಅದೇ ಬೋರಿಂಗಿನ ನೀರು ಕುಡಿದು ಮುದುಕಿಯಾದವರು. ಒಬ್ಬೊಬ್ಬರ ಎಲುಬು ಒಂದೊಂದು ಥರ.

ಬಾಯಿ ಒರೆಸಿಕೊಳ್ಳುತ್ತ ತಿರುಗಿ ನನ್ನನ್ನು ನೋಡಿದರು.

“ದೊಡ್ಡವ್ವ, ಕುತ್ತಿಗಿ?” ಅಂದೆ.

“ಹೊಲದಾಗ ಸಡಲ ಬಿಡ್ತದವ್ವ,” ಅಂದರು ನಗದೆ. “ಓಣಿಗಿ ಹೋದ್ರ ಮತ್ತ ಹಿಡಕೊಂತದ.”

ಅವರ ಕಾಲಿಗೆ ಬೀಳಬೇಕೆನಿಸಿತು. ಬಿದ್ದಿದ್ದರೆ ಬೈಯುತ್ತಿದ್ದರು. ಸುಮ್ಮನೆ ಬುತ್ತಿ ಬಿಚ್ಚಿ, ಅತ್ತೆ ಬಡಿದ ರೊಟ್ಟಿಯನ್ನು ಅವರ ಕೈಗಿಟ್ಟೆ.

ಮರುದಿನ ಕಟ್ಟೆಯ ಮೇಲೆ ದೊಡ್ಡವ್ವ ಎಂದಿನಂತೆ ತಂಬಿಗೆ ಕಚ್ಚಿ ಸೊರ್ರನೆ ಹೀರಿ ಮನೆಗೆ ಹೋದರು. ಅವರು ಹೋಗುವುದನ್ನೇ ನೋಡುತ್ತಿದ್ದ ಅತ್ತೆ, ನನ್ನ ಕಡೆ ಇಡೀ ಮೈ ತಿರುಗಿಸಿ, ದನಿ ತಗ್ಗಿಸಿ ಹೇಳಿದರು:

“ಪಾಪ, ಅಕ್ಕನ ಕುತ್ತಿಗಿ ಭಾಳ ಬಿಗಿ ಆಗ್ಯಾದ. ಆಕಿ ಮನಿಗೂ ಒಂದು ಕ್ಯಾನ್ ಹಾಕಿಸು.”

“ಹಾಕಿಸ್ತೀನ್ರಿ ಅತ್ತಿ,” ಅಂದೆ.