ಭಾಬಿ ಬಣ್ಣ ಹೊಡೆದ ಚಕ್ರಗಳು

ಹೋದ ತಿಂಗಳು ಶಿರಸಿಯಲ್ಲಿ ಔಷಧಿ ಅಂಗಡಿಗೆ ಹೋದವಳು ರಿಕ್ಷಾಕ್ಕೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಒಂದು ಗ್ಯಾರೇಜು. ಅಲ್ಲಿಯವನೊಬ್ಬ ಡಬ್ಬಿಯ ಮುಚ್ಚಳ ತೆಗೆದು ಬಟ್ಟೆಗೆ ಥಿನ್ನರ್ ಸುರಿದುಕೊಂಡ. ಹಣ್ಣಾಗಿ ಕೊಳೆಯಲು ಹಿಡಿದ ಬಾಳೆಹಣ್ಣಿನಂಥ ಸಿಹಿ ವಾಸನೆ, ಅದರ ಬೆನ್ನಿಗೇ ಮೂಗಿನೊಳಗೆ ಚುಚ್ಚುವ ಖಾರ. ರಿಕ್ಷಾ ಬಂದು ನಿಂತದ್ದು, ಡ್ರೈವರ್ ಕರೆದದ್ದು ಯಾವುದೂ ನನಗೆ ತಿಳಿಯಲಿಲ್ಲ. ಯಲ್ಲಾಪುರದ ಆ ತಗಡಿನ ಶೆಡ್ಡು, ಅದರ ಬಾಗಿಲಲ್ಲಿ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಿಂತ ಭಾಬಿ...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಯಲ್ಲಾಪುರದ ಪ್ರಾಥಮಿಕ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಬಂದೆ. ನಮ್ಮ ಊರು ಸಿದ್ದಾಪುರ ತಾಲೂಕಿನ ನಿಲ್ಕುಂದ. ದಿನವೂ ಓಡಾಡುವ ದೂರವಲ್ಲ. ಪೇಟೆಯ ಅಂಚಿನಲ್ಲಿ ಒಂದು ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ಉಳಿದರ್ಧದಲ್ಲಿ ಮನೆಯವರು, ಗಂಡ ಹೆಂಡತಿ ಇಬ್ಬರೇ. ಇದ್ದೊಬ್ಬ ಮಗಳನ್ನು ಸಿದ್ದಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಓಣಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಭಾಯಿ, ಭಾಬಿ ಎಂದೇ ಕರೆದೆ. ಅವರಿಗೆ ನಾನು ಅಕ್ಕೋರು.

ಭಾಯಿ ಗಾಡಿಗಳಿಗೆ ಬಣ್ಣ ಹೊಡೆಯುವವರು. ಮೊದಲೆಲ್ಲ ಕುಂಚ ಹಿಡಿದು ಲಾರಿಗಳ ಹಿಂಬದಿಗೆ ಗಿಳಿ, ಕಮಲ ಬರೆಯುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಹಿತ್ತಿಲಲ್ಲಿ ಶೆಡ್ಡು ಕಟ್ಟಿಸಿ, ಗಾಳಿ ತುಂಬುವ ಕಂಪ್ರೆಸರ್ ಮೆಷಿನ್ನು ಇಟ್ಟುಕೊಂಡು ಕಾರುಗಳಿಗೂ ಬಣ್ಣ ಹೊಡೆಯತೊಡಗಿದ್ದರು. ಒಮ್ಮೆ ನನ್ನನ್ನು ನೋಡಲು ಬಂದ ಅಮ್ಮ ಸೆರಗನ್ನು ಮೂಗಿನಿಂದ ತೆಗೆಯಲೇ ಇಲ್ಲ. "ಎಂತ ವಾಸ್ನೆನೇ ಇದು! ಎನ್ನ ಕೈಲಿ ಒಂದ್ ದಿನನೂ ಇಲ್ಲಿ ಇಪ್ಪಲೆ ಆಗ್ತಿಲ್ಲೆ" ಎಂದು ಮರುದಿನದ ಬೆಳಗಿನ ಬಸ್ಸಿಗೇ ಹೊರಟಳು. ನನಗೆ ರೂಢಿಯಾಗಿಬಿಟ್ಟಿತ್ತು. ಬಣ್ಣ ಹೊಡೆಯುವ ದಿನ ಭಾಬಿ ಮೊದಲೇ ಕಿಟಕಿಯ ಹತ್ತಿರ ಬಂದು ಹೇಳುತ್ತಿದ್ದರು: "ಅಕ್ಕೋರೆ, ಒಣಗಿದ ಬಟ್ಟೆ ಒಳಗೆ ತಗೊಂಡ್ಬಿಡಿ. ಇವತ್ತು ಕ್ಲಿಯರ್ ಹೊಡೀತಾರೆ."

ಕ್ಲಿಯರ್ ಎಂದರೆ ಬಣ್ಣದ ಮೇಲೆ ಕೊನೆಗೆ ಹೊಡೆಯುವ, ಬಣ್ಣವಿಲ್ಲದ ಮೆರುಗು. ಆ ಮಾತು ನಮ್ಮ ಹಿತ್ತಿಲಲ್ಲಿ ದಿನವೂ ಕೇಳತೊಡಗಿದ್ದು ಹೊಳೆಯುವ ಅಲಾಯ್ ಚಕ್ರಗಳ ಹುಚ್ಚು ಬಂದ ಮೇಲೆ. ಎರಡು ಸಾವಿರದ ಇಸವಿ ದಾಟಿತ್ತು. ಕಾರು ಕೊಂಡ ಹುಡುಗರು ಕಂಪನಿಯ ಕಬ್ಬಿಣದ ಚಕ್ರ ಬಿಚ್ಚಿಸಿ, ಹುಬ್ಬಳ್ಳಿಯಿಂದ ಬೆಳ್ಳಿಯಂತೆ ಮಿನುಗುವ ಚಕ್ರ ತಂದು ಹಾಕಿಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ರಸ್ತೆಗಳಲ್ಲಿ ಅವು ಒಂದು ಮಳೆಗಾಲವನ್ನೂ ತಾಳುತ್ತಿರಲಿಲ್ಲ. ಜಲ್ಲಿಕಲ್ಲು ಸಿಡಿದು ಮೆರುಗಿಗೆ ಸಣ್ಣದೊಂದು ಗಾಯವಾದರೆ ಸಾಕು, ಅಲ್ಲಿಂದ ನೀರು ಒಳಗಿಳಿಯುತ್ತಿತ್ತು. ಮೆರುಗಿನ ಅಡಿಯಲ್ಲಿ ಬಿಳಿಯ ಹುಳ ಹರಿದಾಡಿದ ಹಾಗೆ ಗೆರೆಗಳು ಮೂಡುತ್ತಿದ್ದವು. ಆಮೇಲೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತಿತ್ತು.

ಅದಕ್ಕೆ ಮೇಲಿಂದ ಮೇಲೆ ತೇಪೆ ಹಾಕಿದರೆ ನಿಲ್ಲುವುದಿಲ್ಲ. ಸುಡುವ ದ್ರಾವಣ ಬಳಿದು ಹಳೆಯ ಮೆರುಗನ್ನೆಲ್ಲ ಕೆರೆದು ತೆಗೆಯಬೇಕು, ನೀರು ಹಾಕಿ ಉಜ್ಜಬೇಕು, ಪೂರ್ತಿ ಒಣಗಿಸಿ ಮತ್ತೆ ಬಣ್ಣ, ಮತ್ತೆ ಕ್ಲಿಯರ್. ಉಜ್ಜುವ ಕೆಲಸ ಭಾಬಿಯದು. ಚಕ್ರದ ಕಡ್ಡಿಗಳ ಸಂದಿಗೆ ಗಂಡಸರ ಬೆರಳು ಹೋಗುವುದಿಲ್ಲ ಎಂದು ನಗುತ್ತಿದ್ದರು. ಬಾವಿಕಟ್ಟೆಯಲ್ಲಿ ಕೂತು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ಮಗುವನ್ನು ಮೀಯಿಸುವವರ ಹಾಗೆ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದರು. ಅವರ ಉಗುರುಗಳ ಸುತ್ತ ಚರ್ಮ ಸದಾ ಬಿಳಿಚಿ ಬಿರಿದಿರುತ್ತಿತ್ತು.

ಸಿಪ್ಪೆ ಎದ್ದ ಚಕ್ರಗಳು ಬರುತ್ತಿದ್ದದ್ದೆಲ್ಲ ಮಳೆಗಾಲದಲ್ಲೇ. ಗಾಳಿಯಲ್ಲಿ ತೇವವಿದ್ದರೆ ಕ್ಲಿಯರ್ ಹಾಲಿನಂತೆ ಮಬ್ಬಾಗುತ್ತದೆ. ಅದಕ್ಕಾಗಿ ಭಾಯಿ ಶೆಡ್ಡಿನ ಬಾಗಿಲು ಹಾಕಿ, ಸಂದುಗಳಿಗೆ ಗೋಣಿಚೀಲ ತುರುಕಿ, ಒಳಗೆ ದೊಡ್ಡ ಬಲ್ಬು ಉರಿಸಿ ಕಾವು ಮಾಡಿಕೊಳ್ಳುತ್ತಿದ್ದರು. ಗಟ್ಟಿಯಾಗಿ ನಿಲ್ಲಲಿ ಎಂದು ಕ್ಲಿಯರಿಗೆ ಹಾರ್ಡ್‌ನರ್ ಎಂಬುದನ್ನು ಬೆರೆಸುತ್ತಿದ್ದರು. ಮುಖಕ್ಕೆ ಕರವಸ್ತ್ರ. ಅಷ್ಟೇ.

ಭಾಯಿಗೆ ಕೆಮ್ಮು ಯಾವಾಗ ಶುರುವಾಯಿತೋ ನೆನಪಿಲ್ಲ. ಮೊದಮೊದಲು ಬಣ್ಣ ಹೊಡೆದ ದಿನ ಮಾತ್ರ ಬರುತ್ತಿತ್ತು. ಆಮೇಲೆ ಮೆಟ್ಟಿಲು ಹತ್ತಿದರೆ, ಜೋರಾಗಿ ನಕ್ಕರೆ... ಭಾಬಿಯೇ ಭಾಯಿಯನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಂದ ಸಂಜೆ ನನ್ನ ಹೊಸ್ತಿಲಲ್ಲಿ ಕೂತು ಹೇಳಿದರು: "ಆ ಹಾರ್ಡ್‌ನರೇ ಬೇನೆ ಅಂತೆ ಅಕ್ಕೋರೆ. ಮೈ ಒಮ್ಮೆ ಅದನ್ನ ಬೇಡ ಅಂದ್ಮೇಲೆ ಆಯ್ತಂತೆ, ಇನ್ನು ಅದರ ಗಾಳಿನೂ ಸೋಕಬಾರದಂತೆ. ಹೊಡಿಯೋರು ಯಾರೇ ಆದ್ರೂ ಹಿಂಗೇ ಆಗಬಹುದಂತೆ."

ಭಾಯಿ ಹಾರ್ಡ್‌ನರ್ ಬಿಟ್ಟರು. ಅದಿಲ್ಲದ ಹಳೇ ಥರದ ಲ್ಯಾಕರ್ ಮೆರುಗು ಹೊಡೆದು ಚಕ್ರ ಕೊಟ್ಟರು. ಹೊಳಪೇನೋ ಬಂತು, ಆದರೆ ಮಳೆ ಬೀಳುತ್ತಲೇ ಎಲ್ಲ ಮತ್ತೆ ಸಿಪ್ಪೆ ಎದ್ದವು. ಮುಂಡಗೋಡದ ಕಡೆಯವರೊಬ್ಬರು ಚಕ್ರಗಳನ್ನು ಅಂಗಳದಲ್ಲಿ ಉರುಳಿಸಿ ಕೂಗಿದ್ದು ನನ್ನ ಕೋಣೆಗೆ ಕೇಳುತ್ತಿತ್ತು. "ಏನ್ರೀ ಇದು, ಮತ್ತ ಸಿಪ್ಪಿ ಎದ್ದಾವಲ್ರೀ! ಮಾಡಾಕ ಬರಂಗಿಲ್ಲಂದ್ರ ಬರಂಗಿಲ್ಲ ಅಂತ ಹೇಳ್ರಿ, ಬ್ಯಾರೆ ಕಡೆ ಒಯ್ತೀನಿ." ಭಾಯಿ ಉತ್ತರ ಕೊಡಲು ಬಾಯಿ ತೆರೆದರೆ ಕೆಮ್ಮು ಬಂತು. ಆ ಮನುಷ್ಯ ನೆಲ ನೋಡುತ್ತ ನಿಂತ. ಆಗ ಭಾಬಿ ಅಂಗಳಕ್ಕಿಳಿದು ಚಕ್ರ ಎತ್ತಿಕೊಂಡರು. "ಇಟ್ಟು ಹೋಗಿ ಅಣ್ಣಾ, ಸರಿ ಮಾಡಿ ಕೊಡ್ತೀವಿ" ಎಂದರು.

ಸರಿ ಮಾಡಿದ್ದು ಭಾಬಿಯೇ, ಮತ್ತೆ ಹಾರ್ಡ್‌ನರ್ ಬೆರೆಸಿ. ಭಾಯಿ ದೂರದಲ್ಲಿ, ಗಾಳಿ ಬರುವ ದಿಕ್ಕು ನೋಡಿ ಕುರ್ಚಿ ಹಾಕಿಕೊಂಡು ಕೂತು ಕೈಸನ್ನೆಯಲ್ಲಿ ಹೇಳಿಕೊಟ್ಟರು. ಸ್ಪ್ರೇ ಗನ್ನು ಇಷ್ಟು ದೂರ ಹಿಡಿ, ಕೈ ನಿಲ್ಲಿಸಬೇಡ, ಮೊದಲ ಕೋಟು ತೆಳ್ಳಗೆ... ಕಂಪ್ರೆಸರ್ ಶುರುವಾಗುವ ಮುನ್ನ ಮನೆಯೊಳಗೆ ಹೋಗಿ ಕಿಟಕಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಲೆರಡು ಸಲ ಬಣ್ಣ ಇಳಿದು ಹನಿಗಟ್ಟಿತು. ಭಾಬಿ ಎಲ್ಲ ಕೆರೆದು ಮತ್ತೆ ಹೊಡೆದರು. ಆಮೇಲಾಮೇಲೆ ಗಿರಾಕಿಗಳಿಗೆ ಹೊಡೆದವರು ಯಾರೆಂದು ಗೊತ್ತೇ ಆಗುತ್ತಿರಲಿಲ್ಲ. ಭಾಯಿಯೂ ಹೇಳಲಿಲ್ಲ, ಭಾಬಿಯೂ ಹೇಳಲಿಲ್ಲ.

"ನೀವೂ ಉಸಿರಾಡ್ತೀರಲ್ಲ ಭಾಬಿ" ಎಂದು ನಾನು ಹೇಳಿದ್ದುಂಟು. ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿ ಹುಬ್ಬಳ್ಳಿಯಿಂದ ಗಾಳಿ ಸೋಸುವ ಡಬ್ಬಿ ಇರುವ ಮುಖವಾಡವನ್ನೂ ತರಿಸಿಕೊಟ್ಟೆ. ಕೆಲವು ದಿನ ಹಾಕಿಕೊಂಡರು. ಅದರ ಡಬ್ಬಿ ಮುಗಿದ ಮೇಲೆ ಹೊಸದು ಯಲ್ಲಾಪುರದಲ್ಲಿ ಸಿಗಲಿಲ್ಲ. ಮತ್ತೆ ಒದ್ದೆ ಬಟ್ಟೆಯೇ ಬಂತು. "ನಂಗೇನಾಗ್ತದೆ, ನಾನು ಗಟ್ಟಿ ಇದ್ದೀನಿ" ಎನ್ನುತ್ತಿದ್ದರು.

ಅವರ ಚಿಂತೆಯೆಲ್ಲ ಬೇರೆ. ಶೆಡ್ಡಿನಿಂದ ಬಂದ ಬಟ್ಟೆಯಲ್ಲಿ ಮನೆಯೊಳಗೆ ಕಾಲಿಟ್ಟರೆ ಭಾಯಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಭಾಬಿ ಹೊರಗಿನ ಬಚ್ಚಲಲ್ಲೇ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ ಒಳಗೆ ಹೋಗುತ್ತಿದ್ದರು. ಜಡಿಮಳೆಯಲ್ಲಿ, ಜ್ವರ ಇದ್ದಾಗಲೂ. ಒದ್ದೆ ಕೂದಲನ್ನು ಮೂಸಿ ನೋಡಲು ನನ್ನನ್ನು ಕರೆಯುತ್ತಿದ್ದರು. "ಬರ್ತದಾ ಅಕ್ಕೋರೆ ವಾಸನೆ? ನಂಗೆ ಗೊತ್ತಾಗೋದಿಲ್ಲ ಈಗ." ಒಮ್ಮೊಮ್ಮೆ ಬರುತ್ತಿತ್ತು. ಬರುತ್ತದೆ ಎಂದರೆ ಮತ್ತೆ ಬಚ್ಚಲಿಗೆ ಹೋಗುತ್ತಿದ್ದರು.

ಭಾಯಿ ತೀರಿಕೊಂಡದ್ದು ಅಂಥದೇ ಒಂದು ಮಳೆಯ ದಿನ, ಹಗಲಿನಲ್ಲೇ. ನಾನು ಶಾಲೆಯಿಂದ ಬರುವಾಗ ಗೇಟಿನ ಹತ್ತಿರ ಕೊಡೆಗಳು ಸೇರಿದ್ದವು. ಒಳಗೆ ಭಾಬಿ ಗೋಡೆಗೆ ಒರಗಿ ಕೂತಿದ್ದರು. ಮುಂಗೈಗೆ ಬೆಳ್ಳಿ ಬಣ್ಣ ಹಾಗೇ ಅಂಟಿತ್ತು. ಬಹಳ ದಿನಗಳ ಮೇಲೆ ತಾವಾಗಿಯೇ ಹೇಳಿದರು. "ಮೆಷಿನ್ ಬಂದ್ ಮಾಡಿದ ಕೂಡ್ಲೆ ದಿನಾ ಅವರ ಕೆಮ್ಮು ಕೇಳ್ತಿತ್ತು ಅಕ್ಕೋರೆ. ಕೇಳಿದ್ರೆ ಹಾಂ, ಇದ್ದಾರೆ ಅಂತ ಸಮಾಧಾನ. ಅವತ್ತು ಬಂದ್ ಮಾಡ್ದೆ, ಏನೂ ಕೇಳಲಿಲ್ಲ. ಅದಕ್ಕೇ ಓಡಿದೆ. ಸ್ನಾನನೂ ಮಾಡ್ಲಿಲ್ಲ, ಹಂಗೇ ಓಡಿದೆ."

ಮಣ್ಣು ಮಾಡಿದ ಎರಡು ದಿನಕ್ಕೆ ಒಬ್ಬ ಗಿರಾಕಿ ಬಂದರು. ಮಂಚೀಕೇರಿ ಕಡೆಯವರು, ಮನೆಯಲ್ಲಿ ಮದುವೆ, ಬಣ್ಣಕ್ಕೆ ಕೊಟ್ಟಿದ್ದ ಕಾರಿನ ಚಕ್ರಗಳು ಬೇಕು. ಸುದ್ದಿ ಗೊತ್ತಿರಲಿಲ್ಲ. ಭಾಬಿ ಇದ್ದತ್ತಿಗೆ ಕೂತಿದ್ದರು; ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ಬಾಗಿಲ ಪರದೆಯ ಹಿಂದಿನಿಂದ ನನಗೆ ಹೇಳಿದರು: "ಅಕ್ಕೋರೆ, ಅವಕ್ಕೆ ಒಂದೇ ಕೋಟು ಆಗಿದೆ, ಎರಡನೇದು ಹೊಡೆದಿಲ್ಲ. ಈಗ ಹಾಕಿದ್ರೆ ನೀರು ಒಳಗೆ ಹೋಗ್ತದೆ. ಮಳೆ ಹೋಗೋವರೆಗೂ ಹಾಕಬೇಡಿ ಅಂತ ಹೇಳಿ." ನಾನು ಹೇಳಿದೆ. ಆ ಮನುಷ್ಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇರ್ಲಿ ಅಕ್ಕೋರೆ, ಹಾಂಗೇ ತಗಂಡು ಹೋಗ್ತೆ. ಅವ್ರಿಗೆ ತ್ರಾಸು ಮಾಡ್ಕಳದು ಬ್ಯಾಡ ಹೇಳಿ" ಎಂದು ಚಕ್ರಗಳನ್ನು ಒಂದೊಂದಾಗಿ ಎತ್ತಿ ಜೀಪಿನ ಹಿಂದೆ ಇಟ್ಟುಕೊಂಡು ಹೋದರು.

ಇದ್ದತ್ತು ಮುಗಿದ ಮೇಲೆ ಅವರು ಶೆಡ್ಡಿನ ಕಡೆ ಸುಳಿಯುವುದಿಲ್ಲ ಎಂದುಕೊಂಡಿದ್ದೆ. ಮಗಳು ಬಂದು ಸಿದ್ದಾಪುರಕ್ಕೆ ಕರೆದಳು, ಹೋಗಲಿಲ್ಲ. ಒಂದು ಮಧ್ಯಾಹ್ನ ಕಂಪ್ರೆಸರ್ ಸದ್ದು ಕೇಳಿ ಹಿತ್ತಿಲಿಗೆ ಓಡಿದೆ. ಬಾಗಿಲು ಹಾಕಿತ್ತು. ಸದ್ದು ನಿಂತು ಭಾಬಿ ಹೊರಗೆ ಬರುವವರೆಗೂ ಅಲ್ಲೇ ನಿಂತೆ.

"ಮತ್ತೆ ಯಾಕೆ ಭಾಬಿ ಇದು?" ಎಂದೆ.

ಮುಖದ ಬಟ್ಟೆ ಬಿಚ್ಚಿ ನನ್ನನ್ನು ನೋಡಿದರು. "ಅವರಿಗೆ ಈ ವಾಸನೆ ಆಗ್ತಿರಲಿಲ್ಲ. ಈಗ ಮನೇಲಿ ಯಾರಿಗೆ ಆಗೋದಿಲ್ಲ, ಹೇಳಿ?"

ಬಚ್ಚಲಿನ ಕಡೆಗೆ ಹೋಗಲಿಲ್ಲ. ಅದೇ ಬಟ್ಟೆಯಲ್ಲಿ, ಅದೇ ಕೂದಲಲ್ಲಿ, ಅಡುಗೆಮನೆಯ ಬಾಗಿಲು ತೆಗೆದು ಒಳಗೆ ಹೋದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ನೇರವಾಗಿ ಒಳಗೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ಅವರು ಒಳಗೆ ಚಹಾಕ್ಕೆ ನೀರಿಡುತ್ತಿದ್ದ ಸದ್ದು ಕೇಳುತ್ತಿತ್ತು.

ಮರುವರ್ಷದ ಮಳೆಗಾಲದಲ್ಲಿ ಅವರಿಗೂ ಕೆಮ್ಮು ಬಂತು. ನೆಗಡಿ ಎಂದರು. ಧೂಳು ಎಂದರು. ಬಾವಿಯಿಂದ ಕೊಡ ಎಳೆಯುವಾಗ ನಡುವೆ ಹಗ್ಗ ಹಿಡಿದು ನಿಂತುಬಿಡುತ್ತಿದ್ದರು. ನಾನೇ ಮಗಳಿಗೆ ಫೋನು ಮಾಡಿದೆ. ಅಳಿಯ ಗಾಡಿ ತಂದು, ಶೆಡ್ಡಿನ ಸಾಮಾನೆಲ್ಲ ಯಾರಿಗೋ ಕೊಟ್ಟು, ಅವರನ್ನು ಕರೆದುಕೊಂಡು ಹೋದ. ಹೊರಡುವಾಗ ನನ್ನ ಕೈ ಹಿಡಿದುಕೊಂಡರು. ಏನೋ ಹೇಳಲು ಹೋದರು, ಕೆಮ್ಮು ಬಿಡಲಿಲ್ಲ...

ನನಗೂ ಆಮೇಲೆ ಶಿರಸಿಗೆ ವರ್ಗವಾಯಿತು. ಒಮ್ಮೆ ಸಿದ್ದಾಪುರಕ್ಕೆ ಹೋಗಿ ನೋಡಿ ಬಂದೆ. ಕೈಗಳು ಮೆತ್ತಗಾಗಿದ್ದವು, ಉಗುರುಗಳ ಸುತ್ತ ಚರ್ಮ ವಾಸಿಯಾಗಿತ್ತು. ನನ್ನ ಶಾಲೆ, ನನ್ನ ಅಮ್ಮ, ಯಲ್ಲಾಪುರದ ಓಣಿ, ಎಲ್ಲವನ್ನೂ ವಿಚಾರಿಸಿದರು. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮತ್ತೆ ಹೋಗಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು.

ಆ ದಿನ ಗ್ಯಾರೇಜಿನ ಮುಂದಿನಿಂದ ಮನೆಗೆ ಬಂದು ಮಗಳ ನಂಬರು ಹುಡುಕಿ ಫೋನು ಮಾಡಿದೆ. ನನ್ನ ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಅಮ್ಮಿ ಹೋಗಿ ತುಂಬ ದಿನ ಆಯ್ತು ಅಕ್ಕೋರೆ. ನಿಮಗೆ ತಿಳಿಸೋಕೆ ನಂಬರ್ ಇರಲಿಲ್ಲ" ಎಂದಳು. ಹೇಗೆ ಎಂದು ನಾನು ಕೇಳಲಿಲ್ಲ. ಮಕ್ಕಳ ಓದು, ನನ್ನ ನಿವೃತ್ತಿ, ಹೀಗೆ ಏನೇನೋ ಮಾತಾಡಿದೆವು. ಇನ್ನೇನು ಫೋನು ಇಡಬೇಕು, ಆಗ ಕೇಳಿದಳು:

"ಅಕ್ಕೋರೆ, ಅಬ್ಬಾಗೆ ಹಾಗಾಗಿದ್ದು ನೋಡಿದ ಮೇಲೂ ಆ ಕೆಲಸ ಮಾಡಿದ್ರಲ್ಲ. ಅಮ್ಮಿಗೆ ಹೆದರಿಕೆ ಇರಲಿಲ್ವಾ? ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಹುಬ್ಬಳ್ಳಿಯಿಂದ ಬಂದ ಸಂಜೆ ಡಾಕ್ಟರ ಮಾತನ್ನು ಒಂದೂ ಬಿಡದೆ ನನಗೆ ಹೇಳಿದವರು ಅವರು. ಎಲ್ಲ ಗೊತ್ತಿತ್ತು ಅವರಿಗೆ. ಆದರೆ ಹೆದರಿಕೆಯ ಮಾತು ಅವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

"ಇಲ್ಲ, ಏನೂ ಹೇಳಿರಲಿಲ್ಲ" ಎಂದೆ.

"ನಂಗೂ ಹೇಳಲಿಲ್ಲ" ಎಂದಳು ಮಗಳು. ಫೋನು ಇಬ್ಬರೂ ಇಡಲಿಲ್ಲ.