ಹಾಸ್ಯವಿಲ್ಲದ ಕ್ಯಾಸೆಟ್ಟುಗಳು

ಸಿನಿಮಾ ಕತ್ತರಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ ಶ್ರೀನಿವಾಸಪುರದ ಹೊರಗೆ ಒಂದು ಟೆಂಟ್ ಇತ್ತು. ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಹಾಕುತ್ತಿದ್ದರು, ಅದೊಂದು ಪುಣ್ಯ. ಆದರೆ ಮುಳಬಾಗಿಲಿನ ಕೊನೆಯ ಬಸ್ಸು ತಪ್ಪಿದರೆ ಜನ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಟೆಂಟಿನ ಯಜಮಾನ ನಡುವೆ ಒಂದು ರೀಲನ್ನೇ ಹಾರಿಸಿಬಿಡುತ್ತಿದ್ದ. ಇಂಟರ್‌ವಲ್‌ಗೆ ಮುಂಚೆ ಜೈಲಿನಲ್ಲಿದ್ದ ನಾಯಕ, ಇಂಟರ್‌ವಲ್ ಆದಮೇಲೆ ತೊಟ್ಟಿಲು ತೂಗುತ್ತಿದ್ದ. ಬಿಡುಗಡೆ ಯಾವಾಗ ಆಯಿತು, ಮದುವೆ ಯಾರ ಜೊತೆ ಆಯಿತು, ಯಾರಿಗೂ ಬೇಡ. ತಡೆಯಲಾಗದೆ ಒಂದು ದಿನ ಹೋಗಿ ಜಗಳ ತೆಗೆದೆ. ಅವನು ಬೀಡಿ ಹಚ್ಚಿಕೊಂಡು, "ಪೋನೀಲೆಂಡಿ ಸಾರ್, ಆ ರೀಲಲ್ಲಿ ಬರೀ ಅಳು. ನೋಡಿ ಏನ್ ಮಾಡ್ತೀರಾ" ಎಂದ. ಹೋಗಲಿ ಬಿಡಬೇಕಂತೆ. ಯಾರೋ ವರ್ಷಗಟ್ಟಲೆ ಒದ್ದಾಡಿ ತೆಗೆದದ್ದನ್ನು ಬಸ್ಸಿನ ಕಂಡಕ್ಟರನಿಗೋಸ್ಕರ ಬಿಡಬೇಕಂತೆ.

ಎಂಬತ್ತರ ದಶಕದಲ್ಲಿ ನಾನು ಮುಳಬಾಗಿಲಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಕೋಲಾರದಲ್ಲಿ ವಿಡಿಯೊ ಪಾರ್ಲರ್ ಮುಚ್ಚಿದವನೊಬ್ಬನಿಂದ ಸೆಕೆಂಡ್ ಹ್ಯಾಂಡ್ ವಿ.ಸಿ.ಆರ್. ತಂದೆ. ಟಿ.ವಿ.ಯಲ್ಲಿ ಹಳೆಯ ಕನ್ನಡ ಚಿತ್ರ ಬರುವುದೇ ಅಪರೂಪ. ಬಂದಾಗ ರೆಕಾರ್ಡ್ ಮಾಡಿ, ಕೆಂಪು ಇಂಕಿನಲ್ಲಿ ಚೀಟಿ ಬರೆದು ಅಂಟಿಸಿ, ಹೆಂಡತಿಗೆ ತವರಿನವರು ಕೊಟ್ಟ ಟ್ರಂಕಿನಲ್ಲಿ ಜೋಡಿಸುತ್ತಿದ್ದೆ. ಅವಳ ಸೀರೆಗಳು ಗೋಡೆ ಬೀರು ಸೇರಿದವು. ಅದಕ್ಕೆ ಅವಳು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಹಬ್ಬದ ವಿಶೇಷ ಕಾರ್ಯಕ್ರಮಗಳನ್ನೂ ಮೊದಮೊದಲು ಹಿಡಿದಿಟ್ಟೆ. ಎರಡು ಯುಗಾದಿ ಕಳೆಯುವುದರಲ್ಲಿ ಸಾಕಾಯಿತು. ಕಾಗದದ ಮಾವಿನೆಲೆ ತೋರಣ, ಸೋಫಾದಲ್ಲಿ ನಾಲ್ಕು ಜನ ನಟರು, ಒಬ್ಬರನ್ನೊಬ್ಬರು ಹೊಗಳಿದ್ದೇ ಹೊಗಳಿದ್ದು. ಬೇವು-ಬೆಲ್ಲದ ತಟ್ಟೆ ಟೀಪಾಯಿ ಮೇಲೆ ಕೂತಿತ್ತು, ಒಬ್ಬರೂ ಬಾಯಿಗೆ ಹಾಕಲಿಲ್ಲ. ಹಾಗೆ ಹಲ್ಲು ಕಿರಿಯುವುದಕ್ಕೆ ವಿಶೇಷ ಎಂದು ಹೆಸರು. ಆ ಒಂದು ಗಂಟೆಯಲ್ಲಿ ಯಾವುದಾದರೂ ಹಳೆಯ ಚಿತ್ರದ ಅರ್ಧ ಭಾಗ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆ ಕ್ಯಾಸೆಟ್ಟುಗಳ ಮೇಲೆ ಬೇರೆ ಸಿನಿಮಾ ರೆಕಾರ್ಡ್ ಮಾಡಿ ಸೇಡು ತೀರಿಸಿಕೊಂಡೆ.

ಹಳೆಯ ಚಿತ್ರಗಳಲ್ಲಿ ಎಲ್ಲವೂ ಚಿನ್ನ ಎಂದು ನಾನು ಹೇಳುವವನಲ್ಲ. ಅವುಗಳ ದೊಡ್ಡ ಪಿಡುಗು ಹಾಸ್ಯ. ತಾಯಿ ಹಾಸಿಗೆ ಹಿಡಿದಿದ್ದಾಳೆ, ಮಗ ಔಷಧಿಗೆ ಓಡುತ್ತಿದ್ದಾನೆ, ಅಷ್ಟರಲ್ಲಿ ಯಾವನೋ ಒಬ್ಬ ಪಂಚೆ ಕಟ್ಟಲು ಬಾರದವನು ಬಂದು ಎಮ್ಮೆಗೆ ಡಿಕ್ಕಿ ಹೊಡೆಯುತ್ತಾನೆ. ತಲೆ ಕೆಟ್ಟುಹೋಗುತ್ತಿತ್ತು. ಜೊತೆಗೆ ಜಾಹೀರಾತು ಬೇರೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಎಲ್ಲಾ ಹಿಡಿಯುವುದಿಲ್ಲ. ಹಾಗಾಗಿ ಹಾಸ್ಯನಟನ ಮೂಗು ಪರದೆಯ ಅಂಚಿನಲ್ಲಿ ಕಂಡರೆ ಸಾಕು, ಪಾಜ್ ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದೆ. ಅವನು ತೊಲಗಿದ ಮೇಲೆ ಬಿಡುತ್ತಿದ್ದೆ. ಟೆಂಟಿನವನು ಮಾಡಿದ್ದೂ ಅದೇ ಅಲ್ಲವೇ ಎಂದು ಹೆಂಡತಿ ಒಮ್ಮೆ ಕೇಳಿದಳು. "ಅವನು ಕತ್ತರಿಸ್ತಿದ್ದ, ನಾನು ಸೋಸ್ತಿದೀನಿ" ಎಂದೆ. ಆ ಉತ್ತರದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ದೇವರಾಯಸಮುದ್ರದ ಕಡೆಯ ಹಳ್ಳಿಯಿಂದ ನನ್ನ ಸೋದರತ್ತೆ ಬಂದಳು. ಅಪ್ಪನ ಅಕ್ಕ. ನಾನು ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ಬಂದವಳು ನೀರು ಕುಡಿಯುವ ಮೊದಲೇ ಒಂದು ಚಿತ್ರದ ಹೆಸರು ಹೇಳಿ, "ಅದು ನಿನ್ನ ಹತ್ರ ಐತಂತೆ, ಹೌದಾ" ಎಂದಳು. ಇತ್ತು. ನಾಲ್ಕು ತಿಂಗಳ ಹಿಂದೆ ಭಾನುವಾರ ಟಿ.ವಿ.ಯಲ್ಲಿ ಬಂದಿತ್ತು. ಹೆಂಡತಿ ಮಾಲೂರಿನ ತವರಿಗೆ ಹೋಗಿದ್ದಳು, ನಾನೊಬ್ಬನೇ ಕೂತು ರೆಕಾರ್ಡ್ ಮಾಡಿದ್ದೆ.

"ಅದ್ರಲ್ಲಿ ನಿಮ್ಮಾವ ಅವ್ರೆ ಕಣಪ್ಪ" ಎಂದಳು ಅತ್ತೆ.

ಆಗ ಗೊತ್ತಾಯಿತು. ಆ ಕಂಪನಿಯವರು ಶೂಟಿಂಗಿಗೆ ಅತ್ತೆಯ ಊರಿನ ಕೆರೆ ಏರಿಯ ಮೇಲೆ ಬಂದಾಗ ಮಾವನ ಎತ್ತಿನ ಗಾಡಿಯನ್ನೂ ಮಾವನನ್ನೂ ಒಂದು ದಿನಕ್ಕೆ ಕರೆದುಕೊಂಡಿದ್ದರಂತೆ. ಚಿತ್ರ ಟೆಂಟಿಗೆ ಬರುವಷ್ಟರಲ್ಲಿ ಮಾವ ಇರಲಿಲ್ಲ. ಗಂಡ ಸತ್ತ ಹೆಂಗಸು ಸಿನಿಮಾಕ್ಕೆ ಹೋಗುವುದೇ ಎಂದು ಮನೆಯವರು ಕಳಿಸಲಿಲ್ಲ. ಮಾವನೋ, ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರುತ್ತಿದ್ದ ಮನುಷ್ಯ; ಸಿನಿಮಾ ಕ್ಯಾಮೆರಾವೂ ಅದೇ ಎಂದು ಗೊತ್ತಿರಲಿಲ್ಲವೇನೋ. ಮನೆಯಲ್ಲಿ ಅವನ ಒಂದು ಚಿತ್ರವೂ ಇಲ್ಲ. ಮೂವತ್ತು ವರ್ಷದಿಂದ ಅತ್ತೆ ಆ ಮುಖ ನೋಡಿಲ್ಲ. "ಮುಖ ಮರ್ತೋಗ್ತಾ ಐತೆ ಕಣೋ" ಎಂದಳು.

ಕ್ಯಾಸೆಟ್ ಹಾಕಿದೆ. ಅತ್ತೆ ಚಾಪೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಕಣ್ಣು ಮಿಟುಕಿಸದೆ ನೋಡಿದಳು. ಕೆರೆ ಏರಿ ಬಂತು. ನಾಯಕಿ ಕೊಡ ಹೊತ್ತು ಬಂದಳು. ಅತ್ತೆ ಮೊಣಕಾಲೂರಿ ಟಿ.ವಿ.ಯ ಹತ್ತಿರ ಸರಿದಳು. ಪರದೆ ಒಮ್ಮೆ ಚುರುಕ್ಕೆಂದು ಹಾರಿತು, ನಾಯಕಿ ಮನೆಯೊಳಗೆ ಅಳುತ್ತಿದ್ದಳು. ಅತ್ತೆ ಕಾದಳು. ಮುಕ್ತಾಯದ ಅಕ್ಷರ ಬೀಳುವವರೆಗೂ ಕಾದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಪ್ಪ? ಆ ನಗಸೋನು ಗಾಡಿಯಿಂದ ಬೀಳ್ತಾನಂತಲ್ಲ, ಅದೆಲ್ಲಿ" ಎಂದಳು.

"ಟಿ.ವಿ.ಯೋರು ಕತ್ತರಿಸ್ಬಿಟ್ಟವ್ರೆ ಅತ್ತೆ" ಎಂದುಬಿಟ್ಟೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನನ್ನೇ ನೋಡಿದಳು. ನಾನು ನೆಲ ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಅತ್ತೆಗೆ ಬಂತು ನೋಡಿ ಸಿಟ್ಟು. ಟಿ.ವಿ.ಯವರನ್ನು ಉಗಿದು ಉಪ್ಪಿನಕಾಯಿ ಹಾಕಿದಳು. ಕಾಗದ ಪೆನ್ನು ತಾ ಎಂದಳು. ನಾನು ಕೂತು ಬರೆಯಬೇಕು, ಅವಳು ಹೇಳುತ್ತಾಳೆ. "ನಿಮ್ಮನೇಲಿ ಯಾರೂ ಸತ್ತಿಲ್ವೇನ್ರಪ್ಪಾ ಅಂತ ಬರಿ. ನಿಮ್ಗೆ ಬೇಡ್ದಿದ್ದು ಯಾರ್ಗೂ ಬೇಡ ಅಂತ ಯಾರ್ ಹೇಳಿದ್ರು ಅಂತ ಬರಿ." ಬರೆದೆ. "ಗಾಡಿ ಗುರುತು ಬರಿ. ಎಡಗಡೆ ಎತ್ತಿಗೆ ಒಂದು ಕೊಂಬು ಅರ್ಧ ಮುರಿದೈತೆ. ನಿಮ್ಮಾವ ತಲೆಗೆ ಟವಲ್ ಸುತ್ತವ್ರೆ. ಆ ತುಂಡು ಹುಡುಕಿ ಹಾಕ್ಲಿ, ಕೈ ಮುಗೀತೀನಿ ಅಂತ ಬರಿ."

ಕೊಂಬು ಎಂದು ಬರೆಯುವಾಗ ಪೆನ್ನು ನಿಂತಿತು. ಟೆಂಟಿನವನಾದರೂ ತಾನು ಕತ್ತರಿಸಿದೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದ. ನಾನು ಅಷ್ಟಕ್ಕೂ ಲಾಯಕ್ಕಿಲ್ಲವೇ ಎಂದು ನನ್ನ ಮೇಲೇ ಅಸಹ್ಯವಾಯಿತು.

"ಅತ್ತೆ, ಅವರಲ್ಲ. ನಾನೇ ತೆಗೆದಿದ್ದು. ಹಾಸ್ಯ ನಂಗೆ ಆಗಲ್ಲ ಅಂತ ನಿಲ್ಲಿಸ್ಬಿಟ್ಟಿದ್ದೆ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೂ ಇತ್ತು. ಅತ್ತೆ ಹತ್ತಿರ ಬಂದು ನನ್ನ ಮೊಣಕೈ ಹಿಡಿದುಕೊಂಡಳು.

"ಹಂಗಾದ್ರೆ ಅವತ್ತು ಟಿ.ವಿ. ಮುಂದೆ ನೀನೇ ಕೂತಿದ್ದೆ. ನೀನು ನೋಡಿದ್ಯಲ್ಲ. ಹೆಂಗವ್ರೆ, ಹೇಳು."

ಗಾಡಿ ನೆನಪಿತ್ತು. ಮುರಿದ ಕೊಂಬು ನೆನಪಿತ್ತು. ಹುಲ್ಲಿನ ಮೇಲೆ ಅಂಗಾತ ಬಿದ್ದ ಆ ನಟನ ದರಿದ್ರ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಗುದಾರದ ಹಗ್ಗ ಹಿಡಿದು ಮೇಲೆ ಯಾರೋ ಕೂತಿದ್ದರು. ಅವರ ಮುಖವನ್ನು ನಾನು ನೋಡಿರಲೇ ಇಲ್ಲ.

"ನಗ್ತಾ ಅವ್ರಾ?" ಎಂದು ಅತ್ತೆ ಕೇಳಿದಳು.

"ಹೂಂ ಅತ್ತೆ, ನಗ್ತಿದ್ರು" ಎಂದೆ.