ನಿಕಾಹ್‌ಗೆ ಸಾಕ್ಷಿ

ಸ್ವಾತಂತ್ರ್ಯ ಬಂದ ಹೊಸತು. ನಾನು ಚಾಮರಾಜಪೇಟೆಯ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿದ್ದೆ. ಗಂಡನನ್ನು ಕಳೆದುಕೊಂಡ ಖತೀಜಾಬಿ ಮಗಳನ್ನು ಕರೆದುಕೊಂಡು ಬಂದರು. ಖತೀಜಾಬಿಯ ಮದುವೆ ಎಲ್ಲೂ ರಿಜಿಸ್ಟರ್ ಆಗಿಲ್ಲ, ಹಾಗಾಗಿ ಹುಡುಗಿಗೆ ಅಪ್ಪನ ಮನೆಯಲ್ಲಿ ಪಾಲಿಲ್ಲ ಅಂತ ಮೈದುನನ ವಾದ.

“ನಿಕಾಹ್‌ಗೆ ರಿಜಿಸ್ಟರ್ ಬೇಕಿಲ್ಲಮ್ಮ, ಕಣ್ಣಾರೆ ಕಂಡವರಿದ್ರೆ ಸಾಕು,” ಅಂದರು ನಮ್ಮ ವಕೀಲರು.

ನಿಕಾಹ್ ಮಾಡಿಸಿದ್ದ ಖಾಜಿ ಬದುಕಿರಲಿಲ್ಲ. ಆ ಮದುವೆಗೆ ಬಿರಿಯಾನಿ ಮಾಡಿದ್ದ ಮುದುಕರೊಬ್ಬರನ್ನು ಕಲಾಸಿಪಾಳ್ಯದಲ್ಲಿ ಹುಡುಕಿ ಕೋರ್ಟಿಗೆ ಕರೆತಂದೆ.

“ಅಷ್ಟು ಹಳೇ ಮದುವೆ ನಿಮಗೆ ಹೇಗ್ರೀ ನೆನಪಿದೆ?” ಎದುರು ವಕೀಲರು ಕೇಳಿದರು.

“ಮರೆಯೋದು ಹೇಗೆ ಸ್ವಾಮಿ? ಅಲ್ಲಿ ಕೂತಿದಾರಲ್ಲ, ಮದುಮಗನ ತಮ್ಮ, ಮೂರು ಸಲ ಮಾಂಸ ಹಾಕಿಸ್ಕೊಂಡು, ಸಾಲ್ಲಿಲ್ಲ ಅಂತ ಜಗಳ ಆಡಿದ್ರು.”

ಮೈದುನ ತಟ್ಟನೆ ಎದ್ದುನಿಂತ. “ಸುಳ್ಳು ಸ್ವಾಮಿ. ಮೂರು ಸಲಾನೂ ಬರೀ ಮೂಳೆ ಹಾಕಿದ್ರು.”

ಜಡ್ಜ್ ಸಾಹೇಬರು ನಗದೆ ಅದನ್ನೂ ಬರೆದುಕೊಂಡರು. ಹುಡುಗಿಗೆ ಪಾಲು ಸಿಕ್ಕಿತು. ವಾರವೆಲ್ಲ ಕೂತು ನಾನು ಬರೆದಿದ್ದ ವಾದವನ್ನು ಮಾತ್ರ ಯಾರೂ ಕೇಳಲಿಲ್ಲ.